ತೂಬು ಮುಚ್ಚಿದ ಮೇಲೆ ಬೆಲ್ಲ ತಿಂದರೇನು?

ಮಂಡ್ಯದ ಕಡೆ ಸುಸ್ತು ಅಂದರೆ ಸಾಕು, ‘ರಕ್ತ ಕಮ್ಮಿ ಆಗಿದೆ, ಬೆಲ್ಲ ತಿನ್ನು, ಕಬ್ಬಿಣ ಸಿಗುತ್ತೆ’ ಅಂತಾರೆ. ಆಲೆಮನೆಗಳ ಸೀಮೆ, ಅಲ್ವಾ? ಹಾರ್ಟ್ ಫೇಲ್ಯೂರ್, ಅಂದರೆ ಹೃದಯ ಸಾಕಷ್ಟು ರಕ್ತ ಪಂಪ್ ಮಾಡಲಾಗದ ಕಾಯಿಲೆ ಇರುವ ನಮ್ಮ ದೊಡ್ಡಪ್ಪನಿಗೂ ಅದೇ ಉಪದೇಶ. ಸಕ್ಕರೆ ಕಾಯಿಲೆ ಬೇರೆ ಇದೆ ಅನ್ನುವುದು ಯಾರಿಗೂ ನೆನಪಿಲ್ಲ. ಮಾತ್ರೆ ತಪ್ಪಿಸುತ್ತಿರಲಿಲ್ಲ, ಕಾಲಿನ ಊತ ಇಳಿದಿತ್ತು. ಆದರೂ ಹಾಲಿನ ಡೇರಿಗೆ ಹೋಗುವಷ್ಟರಲ್ಲಿ ಎರಡು ಕಡೆ ಕೂರಬೇಕು.

ಹಿಮೋಗ್ಲೋಬಿನ್ 13.2 ಇತ್ತು. ಗಂಡಸರಿಗೆ 13ಕ್ಕಿಂತ, ಹೆಂಗಸರಿಗೆ 12ಕ್ಕಿಂತ ಕೆಳಗಿಳಿದರೆ ರಕ್ತಹೀನತೆ. ಹಾಗಾಗಿ ‘ರಕ್ತ ಚೆನ್ನಾಗಿದೆ, ವಯಸ್ಸಾಯ್ತು ಬಿಡಿ’ ಅಂದುಕೊಂಡು ನಾವೂ ಸುಮ್ಮನಾದೆವು.

ಎಡವಿದ್ದು ಅಲ್ಲೇ. ಕಬ್ಬಿಣ ಬೇಕಾಗಿರುವುದು ರಕ್ತಕ್ಕೆ ಮಾತ್ರ ಅಲ್ಲ. ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯಾಗಳಿಗೂ ಬೇಕು. ಹಗಲು ರಾತ್ರಿ ಬಡಿಯುವ ಹೃದಯಕ್ಕೆ, ನಡೆಯುವ ಕಾಲಿಗೆ ಆ ಶಕ್ತಿಯೇ ಆಧಾರ. ಹಿಮೋಗ್ಲೋಬಿನ್ ಸರಿಯಿದ್ದರೂ ಮೈಯೊಳಗಿನ ಕಬ್ಬಿಣ ಬರಿದಾಗಿರಬಹುದು. ಹಾರ್ಟ್ ಫೇಲ್ಯೂರ್ ಇರುವವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನರಿಗೆ ಈ ಕೊರತೆ ಇದೆ.

ಹಾಗಾದರೆ ಕಬ್ಬಿಣದ ಮಾತ್ರೆ ನುಂಗಿದರಾಯಿತಲ್ಲ? 2017ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 16 ವಾರ ಮಾತ್ರೆ ಕೊಟ್ಟು ನೋಡಿದರು. ರೋಗಿಗಳ ಕಸುವು ಹೆಚ್ಚಲಿಲ್ಲ. ಕನ್ನಂಬಾಡಿ ತುಂಬಿದ್ದರೂ ತೂಬು ಮುಚ್ಚಿದ್ದರೆ ಗದ್ದೆಗೆ ನೀರೆಲ್ಲಿಂದ ಬರಬೇಕು? ನಮ್ಮ ಕರುಳಿನ ತೂಬು ಹೆಪ್ಸಿಡಿನ್ ಎಂಬ ಹಾರ್ಮೋನಿನ ಕೈಯಲ್ಲಿದೆ. ಮೈಯಲ್ಲಿ ಉರಿಯೂತವಿದ್ದರೆ ಅದು ಹೆಚ್ಚಿ, ಕಬ್ಬಿಣ ರಕ್ತಕ್ಕೆ ಇಳಿಯದಂತೆ ತಡೆಯುತ್ತದೆ. ಹಾರ್ಟ್ ಫೇಲ್ಯೂರ್‌ನಲ್ಲಿ ನೀರು ತುಂಬಿ ಊದಿದ ಕರುಳು ಮೊದಲೇ ಸರಿಯಾಗಿ ಹೀರುವುದಿಲ್ಲ. ರಕ್ತ ತೆಳುವಾಗಿಸುವ ಮಾತ್ರೆಯಿಂದ ಹೊಟ್ಟೆಯೊಳಗೆ ತೊಟ್ಟು ತೊಟ್ಟಾಗಿ ರಕ್ತ ಸೋರುವುದೂ ಉಂಟು.

ಕೊನೆಗೆ ಡಾಕ್ಟರು ಫೆರಿಟಿನ್ ಪರೀಕ್ಷೆ ಬರೆದರು, ಮೈಯಲ್ಲಿ ಕೂಡಿಟ್ಟ ಕಬ್ಬಿಣದ ಅಂದಾಜು ಕೊಡುವ ರಕ್ತಪರೀಕ್ಷೆ. 74 ಬಂತು. ಲ್ಯಾಬಿನ ಚೀಟಿಯಲ್ಲಿ ಅದರ ಪಕ್ಕ ಚುಕ್ಕಿಯೂ ಇಲ್ಲ, ದಪ್ಪಕ್ಷರವೂ ಇಲ್ಲ, ನಾರ್ಮಲ್! ಆದರೆ ಉರಿಯೂತದಲ್ಲಿ ಫೆರಿಟಿನ್ ತಾನಾಗಿ ಏರುತ್ತದೆ, ಖಾಲಿ ಕಣಜವೂ ತುಂಬಿದಂತೆ ಕಾಣುತ್ತದೆ. ಅದಕ್ಕೇ ಹೃದಯದ ವೈದ್ಯರ ಲೆಕ್ಕ ಬೇರೆ. 100ಕ್ಕಿಂತ ಕಮ್ಮಿ ಇದ್ದರೆ ಕೊರತೆ. 100ರಿಂದ 299ರ ಒಳಗಿದ್ದರೂ, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ (ರಕ್ತದಲ್ಲಿ ಕಬ್ಬಿಣ ಹೊರುವ ಪ್ರೋಟೀನು ಎಷ್ಟು ತುಂಬಿದೆ ಅನ್ನುವ ಲೆಕ್ಕ) ಶೇಕಡಾ 20ಕ್ಕಿಂತ ಕೆಳಗಿದ್ದರೆ ಕೊರತೆಯೇ.

ತೂಬಿನ ಗೊಡವೆಯೇ ಬೇಡ ಅಂತ ಕಬ್ಬಿಣವನ್ನು ನೇರ ರಕ್ತನಾಳಕ್ಕೆ ಡ್ರಿಪ್‌ನಲ್ಲಿ ಕೊಡುತ್ತಾರೆ. 2009ರಲ್ಲಿ 459 ರೋಗಿಗಳ ಅಧ್ಯಯನದಲ್ಲಿ ಹೀಗೆ ಪಡೆದವರ ನಡಿಗೆ, ಲವಲವಿಕೆ ಎರಡೂ ಸುಧಾರಿಸಿದವು. ಆಯಸ್ಸು ಹೆಚ್ಚುತ್ತದೆ ಅಂತ ಯಾರೂ ಗ್ಯಾರಂಟಿ ಕೊಡುವುದಿಲ್ಲ.

ದೊಡ್ಡಪ್ಪ ಈಗಲೂ ಡೇರಿ ದಾರಿಯಲ್ಲಿ ಒಂದು ಕಡೆ ಕೂರುತ್ತಾರೆ. ಅದು ಟೀ ಅಂಗಡಿ. ದಮ್ಮು ಕಟ್ಟಿ ಅಲ್ಲ, ಹರಟೆಗೆ.