ಸ್ಕ್ಯಾನ್ ವರದಿಯಲ್ಲಿ ಬರೆದದ್ದೆಲ್ಲ ಕಾಯಿಲೆಯೇ?

ಪ್ರಶ್ನೆ: ನನಗೆ 38 ವರ್ಷ. ಕೆಲವು ತಿಂಗಳಿಂದ ಮುಟ್ಟಿನ ಸ್ರಾವ ಹೆಚ್ಚಾಗಿದ್ದರಿಂದ ಸ್ಕ್ಯಾನ್ ಮಾಡಿಸಿದೆ. ವರದಿಯಲ್ಲಿ ‘ಗರ್ಭಕೋಶ ರೆಟ್ರೋವರ್ಟೆಡ್, ಬಲ್ಕಿ, ಇಂಟ್ರಾಮ್ಯೂರಲ್ ಫೈಬ್ರಾಯ್ಡ್ 2.1 ಸೆಂ.ಮೀ.; ಎಂಡೊಮೆಟ್ರಿಯಲ್ ಥಿಕ್‌ನೆಸ್ 11 ಮಿ.ಮೀ.; ನೆಬೋಥಿಯನ್ ಸಿಸ್ಟ್; ಎಡ ಅಂಡಾಶಯದಲ್ಲಿ ಪಾಲಿಸಿಸ್ಟಿಕ್ ಮಾರ್ಫಾಲಜಿ; ಪಿಒಡಿಯಲ್ಲಿ ಅಲ್ಪ ದ್ರವ’ ಎಂದಿದೆ. ವೈದ್ಯರನ್ನು ಕಾಣಲು ಇನ್ನೂ ನಾಲ್ಕು ದಿನವಿದೆ. ಇಷ್ಟೊಂದು ಕಾಯಿಲೆಗಳು ನನಗೆ ಒಟ್ಟಿಗೇ ಬಂದಿವೆಯೇ?

ಉತ್ತರ: ಹಾಗೆ ತಿಳಿಯಬೇಕಾಗಿಲ್ಲ. ನೀವು ಬರೆದಿರುವ ಏಳು ಅಂಶಗಳಲ್ಲಿ ಮೂರನ್ನು ಈಗಲೇ ಬದಿಗಿಡಬಹುದು. ಒಂದರ ಅರ್ಥ ನೀವು ಮುಟ್ಟಾದ ತಾರೀಖನ್ನು ಅವಲಂಬಿಸಿದೆ. ಮತ್ತೊಂದು ಅರ್ಧ ಹೇಳಿ ನಿಲ್ಲಿಸಿದ ಮಾತು. ನಿಮ್ಮ ತೊಂದರೆಗೆ ನೇರವಾಗಿ ಸಂಬಂಧವಿರಬಹುದಾದವು ಉಳಿದ ಎರಡು ಮಾತ್ರ. ಸ್ಕ್ಯಾನ್ ಮಾಡುವ ವೈದ್ಯರು ತೆರೆಯ ಮೇಲೆ ಕಂಡದ್ದನ್ನು, ಸಹಜವಾದದ್ದನ್ನೂ ಸೇರಿಸಿ, ದಾಖಲಿಸಲೇಬೇಕು. ಕಂಡದ್ದರ ವರ್ಣನೆ ಬೇರೆ, ಕಾಯಿಲೆಯ ಹೆಸರು ಬೇರೆ. ಆದರೆ ವರದಿಯಲ್ಲಿ ಎರಡೂ ಒಂದೇ ಅಕ್ಷರದಲ್ಲಿ, ಒಂದೇ ಸಾಲಿನಲ್ಲಿ ಅಚ್ಚಾಗಿರುವುದರಿಂದ ಓದುವವರಿಗೆ ಎಲ್ಲವೂ ಕಾಯಿಲೆಯಂತೆಯೇ ಕಾಣುತ್ತವೆ.

ಮೊದಲು ಬದಿಗಿಡಬಹುದಾದವು. ‘ರೆಟ್ರೋವರ್ಟೆಡ್’ ಎಂದರೆ ಗರ್ಭಕೋಶ ಬೆನ್ನಿನ ಕಡೆಗೆ ವಾಲಿದೆ ಎಂದಷ್ಟೇ. ಹೆಚ್ಚಿನವರಲ್ಲಿ ಅದು ಮುಂದಕ್ಕೆ, ಮೂತ್ರಕೋಶದ ಮೇಲೆ ಬಾಗಿರುತ್ತದೆ. ಅದಕ್ಕೆ ‘ಆಂಟಿವರ್ಟೆಡ್’ ಎನ್ನುತ್ತಾರೆ. ಸುಮಾರು ಐವರಲ್ಲಿ ಒಬ್ಬರಿಗೆ ಹಿಂದಕ್ಕೆ ವಾಲಿರುವುದುಂಟು. ಗರ್ಭಕಂಠದಲ್ಲಿ ಲೋಳೆ ಸ್ರವಿಸುವ ಪುಟ್ಟ ಗ್ರಂಥಿಗಳ ಬಾಯಿ ಮುಚ್ಚಿಕೊಂಡು ಒಳಗೆ ಲೋಳೆ ತುಂಬಿದರೆ ಅದೇ ‘ನೆಬೋಥಿಯನ್ ಸಿಸ್ಟ್’. ಸಾಮಾನ್ಯವಾಗಿ ಅದಕ್ಕೆ ಚಿಕಿತ್ಸೆ ಬೇಕಾಗುವುದಿಲ್ಲ. ‘ಪಿಒಡಿ’ ಎಂದರೆ ‘ಪೌಚ್ ಆಫ್ ಡಗ್ಲಸ್’, ಅಂದರೆ ಗರ್ಭಕೋಶಕ್ಕೂ ಗುದನಾಳಕ್ಕೂ ನಡುವಿನ ಗುಳಿ. ಹದಿನೆಂಟನೆಯ ಶತಮಾನದ ಸ್ಕಾಟಿಷ್ ಅಂಗರಚನಾ ತಜ್ಞ ಜೇಮ್ಸ್ ಡಗ್ಲಸ್ ಅವರ ಹೆಸರು ಅದಕ್ಕೆ ಅಂಟಿಕೊಂಡಿದೆ. ಹೊಟ್ಟೆಯೊಳಗಿನ ಅತ್ಯಂತ ತಗ್ಗಿನ ಜಾಗ ಅದಾದ್ದರಿಂದ, ಅಂಡಾಣು ಬಿಡುಗಡೆಯಾದಾಗ ಹೊರಬಂದ ದ್ರವ ಅಲ್ಲಿ ನಿಂತಿರುವುದು ಸಹಜ.

ಇನ್ನು ‘ಎಂಡೊಮೆಟ್ರಿಯಲ್ ಥಿಕ್‌ನೆಸ್’. ಹೆಚ್ಚು ಜನರನ್ನು ಹೆದರಿಸುವ ಅಂಕಿ ಇದು. ಎಂಡೊಮೆಟ್ರಿಯಮ್ ಎಂದರೆ ಗರ್ಭಕೋಶದ ಒಳಪದರ. ಪ್ರತಿ ತಿಂಗಳೂ ಬೆಳೆದು, ಗರ್ಭ ನಿಲ್ಲದಿದ್ದರೆ ಕಳಚಿ ಮುಟ್ಟಿನಲ್ಲಿ ಹೊರಬೀಳುವುದು ಇದೇ. ಹಾಗಾಗಿ ಇದರ ದಪ್ಪ ವಾರದಿಂದ ವಾರಕ್ಕೆ ಬದಲಾಗುತ್ತದೆ. ಸ್ರಾವದ ದಿನಗಳಲ್ಲಿ 1ರಿಂದ 4 ಮಿ.ಮೀ. ಇದ್ದದ್ದು ಮುಂದಿನ ಮುಟ್ಟು ಹತ್ತಿರವಾಗುವ ಹೊತ್ತಿಗೆ 16 ಮಿ.ಮೀ.ವರೆಗೂ ಬೆಳೆಯಬಹುದು. ನಿಮ್ಮ 11 ಮಿ.ಮೀ. ಚಕ್ರದ ಇಪ್ಪತ್ತನೆಯ ದಿನ ಅಳೆದದ್ದಾದರೆ ಅದರಲ್ಲಿ ವಿಶೇಷವೇನೂ ಇಲ್ಲ. ಸ್ರಾವ ನಿಂತ ಮರುದಿನ ಅಳೆದದ್ದಾದರೆ ಮತ್ತೊಮ್ಮೆ ನೋಡಬೇಕು. ಇದೇ ಅಂಕಿ ಮುಟ್ಟು ಪೂರ್ತಿ ನಿಂತವರಲ್ಲಿ, ಅಂದರೆ ಕೊನೆಯ ಮುಟ್ಟಿನಿಂದ ಹನ್ನೆರಡು ತಿಂಗಳು ಕಳೆದವರಲ್ಲಿ, ಕಂಡರೆ ಮಾತು ಬೇರೆಯಾಗುತ್ತದೆ. ಅವರಿಗೆ ಮತ್ತೆ ರಕ್ತ ಕಾಣಿಸಿಕೊಂಡು ಒಳಪದರ 4 ಮಿ.ಮೀ.ಗಿಂತ ದಪ್ಪವಿದ್ದರೆ ಅದರ ತುಣುಕು ತೆಗೆದು ಪರೀಕ್ಷಿಸಬೇಕಾಗುತ್ತದೆ. ನೆರೆಮನೆಯ ಹಿರಿಯರ ವರದಿಯ ಜೊತೆ ನಿಮ್ಮ ವರದಿಯನ್ನು ಹೋಲಿಸಿ ನೋಡಬಾರದು ಎನ್ನುವುದು ಇದಕ್ಕೇ.

‘ಪಾಲಿಸಿಸ್ಟಿಕ್ ಮಾರ್ಫಾಲಜಿ’ ಎಂಬುದು ಅರ್ಧ ಮಾತು. ‘ಮಾರ್ಫಾಲಜಿ’ ಎಂದರೆ ರೂಪ. ಅಂಡಾಶಯ ನೋಡಲು ಹೀಗಿದೆ ಎಂದಷ್ಟೇ ಅದು ಹೇಳುತ್ತದೆ. ‘ಸಿಸ್ಟ್’ ಎಂಬ ಪದವೂ ಇಲ್ಲಿ ತಪ್ಪು ದಾರಿಗೆ ಎಳೆಯುತ್ತದೆ. ಕನ್ನಡದಲ್ಲಿ ನಾವು ನೀರುಗುಳ್ಳೆ ಎಂದುಬಿಡುತ್ತೇವೆ, ಆದರೆ ತೆರೆಯ ಮೇಲೆ ಕಪ್ಪು ಚುಕ್ಕಿಗಳಂತೆ ಕಾಣುವವು ಹೊಸದಾಗಿ ಹುಟ್ಟಿದ ಗುಳ್ಳೆಗಳಲ್ಲ. ಅಂಡಾಣುವನ್ನು ಒಳಗಿಟ್ಟುಕೊಂಡು ಅರ್ಧಕ್ಕೇ ಬೆಳವಣಿಗೆ ನಿಲ್ಲಿಸಿದ ಪುಟ್ಟ ಕೋಶಿಕೆಗಳು. 1935ರಲ್ಲಿ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಇಂಥ ಅಂಡಾಶಯದ ಜೊತೆ ಕಾಣುವ ಲಕ್ಷಣಕೂಟವನ್ನು, ಅಂದರೆ ಇಂದಿನ ‘ಪಾಲಿಸಿಸ್ಟಿಕ್ ಓವರಿ ಸಿಂಡ್ರೋಮ್’ (ಪಿಸಿಒಎಸ್) ಅನ್ನು, ವಿವರಿಸಿದಾಗ ಬಳಕೆಗೆ ಬಂದ ಹೆಸರು ಇಂದಿಗೂ ಉಳಿದುಕೊಂಡಿದೆ. 2003ರ ರಾಟರ್‌ಡ್ಯಾಮ್ ಮಾನದಂಡದ ಪ್ರಕಾರ ಪಿಸಿಒಎಸ್ ಎನ್ನಲು ಮೂರರಲ್ಲಿ ಎರಡು ಇರಬೇಕು: ಅಂಡಾಣು ಬಿಡುಗಡೆ ಏರುಪೇರಾಗಿ ಮುಟ್ಟು ತಡವಾಗುವುದು, ಪುರುಷ ಹಾರ್ಮೋನಿನ ಹೆಚ್ಚಳ (ಗಲ್ಲದ ಮೇಲೆ ಒರಟು ಕೂದಲು ಅದರ ಒಂದು ಗುರುತು), ಮತ್ತು ಸ್ಕ್ಯಾನಿನ ಈ ನೋಟ. ಇವಕ್ಕೆ ಬೇರೆ ಕಾರಣಗಳಿಲ್ಲವೆಂದೂ ಖಚಿತವಾಗಬೇಕು. ನಿಮ್ಮ ಮುಟ್ಟು ಸಮಯಕ್ಕೆ ಸರಿಯಾಗಿ ಬರುತ್ತಿದ್ದು, ಹಾರ್ಮೋನಿನ ಲಕ್ಷಣಗಳೂ ಇಲ್ಲದಿದ್ದರೆ ಸ್ಕ್ಯಾನಿನ ನೋಟವೊಂದರಿಂದಲೇ ಆ ಹೆಸರು ನಿಮಗೆ ಅಂಟುವುದಿಲ್ಲ.

ಉಳಿದವು ‘ಬಲ್ಕಿ’ ಮತ್ತು ‘ಫೈಬ್ರಾಯ್ಡ್’. ವೈದ್ಯರ ಮುಂದೆ ನೀವು ಸಮಯ ಕೊಟ್ಟು ಮಾತನಾಡಬೇಕಾದದ್ದು ಇವುಗಳ ಬಗ್ಗೆ. ಹೆರಿಗೆಯಾಗದವರ ಗರ್ಭಕೋಶ ಸುಮಾರು 7ರಿಂದ 8 ಸೆಂ.ಮೀ. ಉದ್ದವಿರುತ್ತದೆ, ಹೆರಿಗೆಯಾದವರಲ್ಲಿ ಸ್ವಲ್ಪ ಹೆಚ್ಚು. ಅದಕ್ಕಿಂತ ಊದಿಕೊಂಡಂತೆ ಕಂಡರೆ ‘ಬಲ್ಕಿ’ ಎಂದು ಬರೆಯುತ್ತಾರೆ, ಕಾರಣವನ್ನು ಆ ಪದ ಹೇಳುವುದಿಲ್ಲ. ಕಾರಣ ಫೈಬ್ರಾಯ್ಡ್ ಇರಬಹುದು, ಅಥವಾ ಒಳಪದರದಂಥ ಅಂಗಾಂಶವೇ ಸ್ನಾಯುವಿನೊಳಗೆ ಬೆಳೆಯುವ ಅಡಿನೋಮಯೋಸಿಸ್ ಇರಬಹುದು. ಎರಡರಲ್ಲೂ ಸ್ರಾವ ಹೆಚ್ಚುವುದುಂಟು. ಫೈಬ್ರಾಯ್ಡ್‌ಗೆ ‘ಗಡ್ಡೆ’ ಎಂದು ಹೇಳುವುದೇ ರೂಢಿಯಾಗಿರುವುದರಿಂದ ಕೇಳಿದವರಿಗೆ ತಟ್ಟನೆ ಕ್ಯಾನ್ಸರ್ ನೆನಪಾಗುತ್ತದೆ. ಅದು ಗರ್ಭಕೋಶದ ಸ್ನಾಯುವಿನಿಂದಲೇ ಬೆಳೆದ, ಅಪಾಯವಿಲ್ಲದ ಗಂಟು. ಕ್ಯಾನ್ಸರ್ ಆಗಿರುವುದು ಬಹಳ ವಿರಳ. ಮುಟ್ಟು ನಿಂತ ಮೇಲೆ ಈಸ್ಟ್ರೊಜೆನ್ ಎಂಬ ಸ್ತ್ರೀ ಹಾರ್ಮೋನು ಇಳಿಯುವುದರಿಂದ ಸಾಮಾನ್ಯವಾಗಿ ತಾನಾಗಿಯೇ ಕುಗ್ಗುತ್ತದೆ. ಇಲ್ಲಿ ಗಾತ್ರಕ್ಕಿಂತ ಜಾಗ ಮುಖ್ಯ. ‘ಸಬ್‌ಮ್ಯೂಕಸ್’ ಎಂದರೆ ಒಳಪದರದ ಕೆಳಗೆ. ಇದು ಚಿಕ್ಕದಿದ್ದರೂ ಸ್ರಾವವನ್ನು ವಿಪರೀತ ಹೆಚ್ಚಿಸಬಲ್ಲದು. ‘ಸಬ್‌ಸೀರಸ್’ ಎಂದರೆ ಹೊರಮೈಯಲ್ಲಿ. ಇದು ದೊಡ್ಡದಾದರೂ ಸ್ರಾವದ ಗೊಡವೆಗೆ ಹೋಗುವುದು ಕಡಿಮೆ. ನಿಮ್ಮ ‘ಇಂಟ್ರಾಮ್ಯೂರಲ್’ ಇವೆರಡರ ನಡುವೆ, ಗೋಡೆಯ ದಪ್ಪದೊಳಗೇ ಇದೆ. ಅದು ಒಳಪದರವನ್ನು ಒತ್ತುತ್ತಿದೆಯೇ ಎಂಬುದೇ ವೈದ್ಯರನ್ನು ನೀವು ಕೇಳಬೇಕಾದ ಪ್ರಶ್ನೆ.

ವೈದ್ಯರು ಚೀಟಿಯಲ್ಲಿ ‘ಎಯುಬಿ’ ಎಂದು ಬರೆದರೆ ಅದು ಎಂಟನೆಯ ಕಾಯಿಲೆಯಲ್ಲ. ಸ್ರಾವ ಅಸಹಜವಾಗಿದೆ ಎಂಬುದರ ಸಂಕ್ಷೇಪ. ‘ಎಯುಬಿ-ಎಲ್’ ಎಂದಿದ್ದರೆ ಕಾರಣ ಫೈಬ್ರಾಯ್ಡ್ ಎಂದು ಅವರು ತೀರ್ಮಾನಿಸಿದ್ದಾರೆ.

ನಾಲ್ಕು ದಿನ ಕಾಯಬಾರದ ಸಂದರ್ಭಗಳೂ ಇವೆ. ಗಂಟೆಗೊಂದು ಪ್ಯಾಡ್ ತೋಯ್ದು ಅದು ಎರಡು ಗಂಟೆಗೂ ಮೀರಿ ಮುಂದುವರಿದರೆ, ತಲೆಸುತ್ತು ಅಥವಾ ಏದುಸಿರು ಬಂದರೆ, ಗರ್ಭಿಣಿಯಾಗಿರುವ ಸಾಧ್ಯತೆಯಿದ್ದು ಹೊಟ್ಟೆ ನೋಯುತ್ತಿದ್ದರೆ ಅಂದೇ ಆಸ್ಪತ್ರೆಗೆ ಹೋಗಬೇಕು.

ವರದಿಯ ಕೊನೆಯಲ್ಲಿ ಬಹುಶಃ ‘ಕೋರಿಲೇಟ್ ಕ್ಲಿನಿಕಲಿ’ ಎಂದೂ ಇರುತ್ತದೆ. ಚಿತ್ರದಲ್ಲಿ ಕಂಡದ್ದು ಇಷ್ಟು, ರೋಗಿಯ ತೊಂದರೆಯೊಂದಿಗೆ ಇದನ್ನು ಹೊಂದಿಸಿ ನೋಡುವ ಕೆಲಸ ಚಿಕಿತ್ಸೆ ಕೊಡುವವರದು ಎಂದು ಸ್ಕ್ಯಾನ್ ಮಾಡಿದವರು ಹೇಳುವ ರೀತಿ ಅದು. ಆ ಹೊಂದಾಣಿಕೆಗೆ ಬೇಕಾದ ಮೊದಲ ಮಾಹಿತಿ ವರದಿಯ ಮೇಲ್ಭಾಗದ ‘ಎಲ್‌ಎಂಪಿ’ ಎಂಬ ಜಾಗದಲ್ಲಿರಬೇಕು: ಕೊನೆಯ ಮುಟ್ಟಿನ ಮೊದಲ ದಿನದ ತಾರೀಖು. ಆ ಜಾಗ ಖಾಲಿಯಿದ್ದರೆ ತಾರೀಖನ್ನು ನೀವೇ ಪೆನ್ನಿನಲ್ಲಿ ಬರೆದುಕೊಂಡು, ಸ್ರಾವ ಎಷ್ಟು ದಿನ ಇರುತ್ತದೆ, ದಿನಕ್ಕೆ ಎಷ್ಟು ಪ್ಯಾಡ್ ಬೇಕಾಗುತ್ತದೆ ಎಂಬುದನ್ನೂ ಅದರ ಪಕ್ಕದಲ್ಲೇ ಗುರುತು ಮಾಡಿಕೊಂಡು ಹೋಗಿ.