ಮಣ್ಣಿನ ಕೆಲಸದಲ್ಲಿ ಮೊದಲ ಫಸಲು ಯಾವಾಗ?

ಎರಡು ತಿಂಗಳ ಹಿಂದೆ ಪೊನ್ನಂಪೇಟೆ ಕಡೆಯ ಬೆಳೆಗಾರರೊಬ್ಬರು ಮಗಳನ್ನು ಕರೆದುಕೊಂಡು ನನ್ನ ಸ್ಟುಡಿಯೋಗೆ ಬಂದಿದ್ದರು. ಹುಡುಗಿ ಪಿಯುಸಿ ಮುಗಿಸಿದ್ದಾಳೆ. ಸೆರಾಮಿಕ್ ಕಲಿಯಬೇಕು ಅಂತ ಹಟ. ಗದ್ದೆ ಬದಿಯ ಮಣ್ಣನ್ನು ಒಂದು ಚೀಲದಲ್ಲಿ ಕಟ್ಟಿಕೊಂಡೇ ಬಂದಿದ್ದಳು. ಅಪ್ಪ ಕಾಫಿ ಕುಡಿದು, ಖಾಲಿ ಕಪ್ಪನ್ನು ತಿರುಗಿಸಿ ತಿರುಗಿಸಿ ನೋಡಿ ಕೇಳಿದರು: "ಮೇಡಂ, ಕಾಫಿ ಗಿಡ ನೆಟ್ಟರೆ ಮೂರು ನಾಲ್ಕು ವರ್ಷಕ್ಕೆ ಫಸಲು ಬರುತ್ತೆ. ಇದ್ರಲ್ಲಿ ಯಾವಾಗ?"

ಆವತ್ತು ಅರ್ಧಂಬರ್ಧ ಉತ್ತರ ಕೊಟ್ಟಿದ್ದೆ. ಉಳಿದದ್ದನ್ನು ಇಲ್ಲಿ ಹೇಳುತ್ತೇನೆ.

ತಿಗರಿಯ ಮೇಲೆ ಮಣ್ಣು ಹೇಳಿದ ಹಾಗೆ ಕೇಳೋದಕ್ಕೆ ನನಗೆ ಎರಡು ವರ್ಷ ಬೇಕಾಯಿತು. ಮಾರುವಂಥ ಕಪ್ಪು, ತಟ್ಟೆ ಆಮೇಲೆ. ಅದರ ನಂತರವೂ ಬಹಳ ವರ್ಷ ಮನೆ ನಡೆದದ್ದು ಕಪ್ಪು ಮತ್ತು ವಾರಾಂತ್ಯದ ತರಗತಿಗಳಿಂದ. ದೊಡ್ಡ ಕಲಾಕೃತಿ ಮಾರಾಟವಾದರೂ ಗ್ಯಾಲರಿಯ ಪಾಲು ಹೋಗುತ್ತದೆ, ಕೆಲವು ಕಡೆ ಅದು ಬೆಲೆಯ ಅರ್ಧ. ಇದನ್ನು ಮುಚ್ಚಿಟ್ಟು ಮಕ್ಕಳನ್ನು ಈ ಕಡೆ ಎಳೆಯೋದು ತಪ್ಪು. ಆದರೆ ಕಪ್ಪು ಮಾಡುವುದನ್ನು ಕೀಳು ಅಂದುಕೊಳ್ಳುವುದೂ ಅಷ್ಟೇ ತಪ್ಪು. ನೂರು ಕಪ್ಪಿಗೆ ಹಿಡಿ ಅಂಟಿಸಿದವರಿಗೆ ಎರಡು ಮಣ್ಣಿನ ಹಸಿ ಒಂದೇ ಸಮ ಇರಬೇಕು ಅನ್ನೋದು ಬೆರಳಲ್ಲೇ ಗೊತ್ತಾಗಿರುತ್ತದೆ. ಆರು ಅಡಿಯ ಶಿಲ್ಪ ಜೋಡಿಸುವಾಗ ಕೈ ಹಿಡಿಯೋದು ಅದೇ.

ಕಲಿಯಲು ಜಾಗಗಳಿವೆ. ಬೆಂಗಳೂರಿನ ಚಿತ್ರಕಲಾ ಪರಿಷತ್ತು, ಮೈಸೂರಿನ ಕಾವಾ ಕಲಾ ಕಾಲೇಜಿನಲ್ಲಿ ಕಲೆಯ ಪದವಿ ಮಾಡಬಹುದು. ಪುದುಚೇರಿಯಲ್ಲಿ ರೇ ಮೀಕರ್ ಮತ್ತು ಡೆಬೋರಾ ಸ್ಮಿತ್ 1971ರಲ್ಲಿ ಶುರು ಮಾಡಿದ ಗೋಲ್ಡನ್ ಬ್ರಿಡ್ಜ್ ಪಾಟರಿಯಿಂದ ನಮ್ಮ ದೇಶದ ಎಷ್ಟೋ ಜನ ಸೆರಾಮಿಕ್ ಕಲಾವಿದರು ಹೊರಬಂದಿದ್ದಾರೆ. 2018ರಲ್ಲಿ ಜೈಪುರದ ಜವಾಹರ್ ಕಲಾ ಕೇಂದ್ರದಲ್ಲಿ ಮೊದಲ ಇಂಡಿಯನ್ ಸೆರಾಮಿಕ್ಸ್ ಟ್ರಯೆನಾಲೆ ಅನ್ನುವ ದೊಡ್ಡ ಸೆರಾಮಿಕ್ ಪ್ರದರ್ಶನ ನಡೆಯಿತು. ಇದು ಮಡಕೆಯ ಕೆಲಸವೋ ಕಲೆಯೋ ಅಂತ ಕೇಳುತ್ತಿದ್ದವರಿಗೆ ಅಲ್ಲಿ ಕೋಣೆ ಕೋಣೆಯಲ್ಲೂ ಉತ್ತರವಿತ್ತು.

ಆದರೆ ಕೊಡಗಿನಲ್ಲಿ ಕೂತು ಈ ಕೆಲಸ ಮಾಡುವವರಿಗೆ ಯಾವ ಕಾಲೇಜೂ ಹೇಳಿಕೊಡದ ಪಾಠ ಒಂದಿದೆ. ಅದು ಮಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆಯೇ ಒಣಗೋದಿಲ್ಲ, ಮಣ್ಣು ಎಲ್ಲಿ ಒಣಗುತ್ತದೆ? ಕಕ್ಕಡ ತಿಂಗಳಲ್ಲಂತೂ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ, ಗಾಳಿಯೇ ಒದ್ದೆ. ನನ್ನ ಮೊದಲ ದೊಡ್ಡ ಆರ್ಡರ್ ಗೋಡೆಗೆ ಹಾಕುವ ಒಂದು ಉಬ್ಬುಶಿಲ್ಪ, ಒಟ್ಟು ಹದಿನಾರು ತುಂಡು. ಜುಲೈ ಕೊನೆಗೆ ಕೊಡುತ್ತೇನೆ ಅಂತ ಮಾತು ಕೊಟ್ಟಿದ್ದೆ. ಮುಟ್ಟಿದರೆ ಒಣಗಿದ ಹಾಗೇ ಇತ್ತು. ಕೆನ್ನೆಗೆ ಒತ್ತಿ ನೋಡಿದ್ದರೆ ತಣ್ಣಗಿರುವುದು ತಿಳಿಯುತ್ತಿತ್ತು. ತಣ್ಣಗಿದ್ದರೆ ಒಳಗೆ ಇನ್ನೂ ನೀರಿದೆ ಅಂತ ಅರ್ಥ. ನಾನು ಒತ್ತಿ ನೋಡಲಿಲ್ಲ. ಕಿಲ್ನ್, ಅಂದರೆ ಮಣ್ಣು ಸುಡುವ ಗೂಡು, ಹಚ್ಚಿ ಶಾಖ ಬೇಗ ಏರಿಸಿದೆ. 100 ಡಿಗ್ರಿ ದಾಟುವ ಹೊತ್ತಿಗೆ ಒಳಗಿನ ನೀರು ಆವಿಯಾಗಿ, ಹೊರಬರಲು ದಾರಿ ಸಿಗದೆ, ಮಣ್ಣನ್ನೇ ಒಡೆದುಕೊಂಡು ಬಂತು. ಹೊರಗೆ ನಿಂತವಳಿಗೆ ಕೇಳಿಸಿದ್ದು ಧಬ್, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಧಬ್. ಒಂಬತ್ತರವರೆಗೆ ಎಣಿಸಿದೆ. ಆಮೇಲೆ ಒಳಗೆ ಹೋಗಿ ಕೂತುಬಿಟ್ಟೆ.

ಈಗ ಮಳೆಗಾಲಕ್ಕೆ ಯಾವ ಗಡುವನ್ನೂ ಒಪ್ಪಿಕೊಳ್ಳುವುದಿಲ್ಲ. ಅಡುಗೆಮನೆ ಒಲೆಯ ಮೇಲಿನ ಅಟ್ಟದಲ್ಲಿ ಸಣ್ಣ ಕೆಲಸಗಳನ್ನು ಒಣಗಿಸುತ್ತೇನೆ. ದಪ್ಪಗಿನದನ್ನು ಹಳೇ ಬಟ್ಟೆ ಸುತ್ತಿ ವಾರಗಟ್ಟಲೆ ಬಿಡುತ್ತೇನೆ. ಸುಡುವಾಗ ಮೊದಲ ಐದಾರು ಗಂಟೆ ಬಾಗಿಲು ಚೂರು ತೆರೆದೇ ಇರುತ್ತದೆ. 573 ಡಿಗ್ರಿಯ ಹತ್ತಿರ ಮಣ್ಣಿನಲ್ಲಿರುವ ಕ್ವಾರ್ಟ್ಜ್ ಅನ್ನುವ ಖನಿಜ ಒಮ್ಮೆಗೇ ಹಿಗ್ಗುತ್ತದೆ, ಆರುವಾಗ ಅಲ್ಲೇ ಕುಗ್ಗುತ್ತದೆ. ಆ ಜಾಗದಲ್ಲಿ ಹೋಗುವಾಗಲೂ ಬರುವಾಗಲೂ ಅವಸರ ಮಾಡಬಾರದು.

ಮಣ್ಣಿನ ಜೊತೆ ಕಬ್ಬಿಣ, ಮರ ಸೇರಿಸುವ ಮಿಕ್ಸೆಡ್ ಮೀಡಿಯಾ ಯಾಕೆ ಅಂತಲೂ ಆ ಅಪ್ಪ ಕೇಳಿದ್ದರು. ಸುಮ್ನೆ ಚೆಂದಕ್ಕೆ ಅಲ್ಲ. ನಾನು ಬಳಸುವ ಸ್ಟೋನ್‌ವೇರ್ ಮಣ್ಣು (ಹೆಚ್ಚು ಶಾಖದಲ್ಲಿ ಸುಡುವ ಗಟ್ಟಿ ಮಣ್ಣು) ಹಸಿಯಿಂದ ಸುಟ್ಟು ಮುಗಿಯುವಷ್ಟರಲ್ಲಿ ಸುಮಾರು 12% ಕುಗ್ಗುತ್ತದೆ. ಕಬ್ಬಿಣ ಕುಗ್ಗುವುದಿಲ್ಲ, ಬಿಸಿಗೆ ಹಿಗ್ಗುತ್ತದೆ. ಎರಡನ್ನೂ ಸೇರಿಸಿ ಸುಟ್ಟರೆ ಮಣ್ಣು ಸೀಳುತ್ತದೆ. ಹಾಗಾಗಿ ಹಸಿ ಇರುವಾಗಲೇ ತೂತು ಕೊರೆದು, ಸುಟ್ಟ ಮೇಲೆ ಸರಳು, ಮರ, ಗೋಣಿನಾರು ಸೇರಿಸುತ್ತೇನೆ. 10 ಮಿಲಿಮೀಟರ್ ಸರಳಿಗೆ ಹಸಿ ಮಣ್ಣಿನಲ್ಲಿ 12ರ ತೂತು ಬೇಕು. ಮೃಣಾಲಿನಿ ಮುಖರ್ಜಿಯವರು ವರ್ಷಾನುವರ್ಷ ನಾರಿನ ಹಗ್ಗ ಗಂಟು ಹಾಕಿ ಆಳೆತ್ತರದ ಶಿಲ್ಪ ಮಾಡಿದವರು. 1990ರ ದಶಕದ ನಡುವೆ ಸೆರಾಮಿಕ್‌ಗೆ ಬಂದರು, ಆಮೇಲೆ ಕಂಚಿಗೆ ಹೋದರು. ಒಂದು ಸಾಮಗ್ರಿ ಎಲ್ಲಿ ನಿಲ್ಲುತ್ತದೆ ಅಂತ ಗೊತ್ತಾದವರಿಗೇ ಇನ್ನೊಂದು ಬೇಕೆನಿಸುವುದು, ಅಲ್ವಾ?

ನಮ್ಮೂರಲ್ಲಿ ಮಣ್ಣಿನ ಶಿಲ್ಪ ಹೊಸದೇನಲ್ಲ. ಬೇಟೆಯ ದೇವರು ಅಯ್ಯಪ್ಪನಿಗೆ ದೇವರಕಾಡಿನಲ್ಲಿ ಸುಟ್ಟ ಮಣ್ಣಿನ ನಾಯಿಗಳನ್ನು ಹರಕೆ ಒಪ್ಪಿಸುತ್ತಾರೆ. ರಾಶಿ ರಾಶಿ ನಾಯಿಗಳು, ಕಿವಿ ಮುರಿದವು, ಬೆನ್ನ ಮೇಲೆ ಪಾಚಿ ಬೆಳೆದವು. ಚಿಕ್ಕಂದಿನಲ್ಲಿ ಅವುಗಳ ಮುಂದೆ ನಿಂತು ನೋಡಿದ್ದು ನನಗೆ ಯಾವ ಪ್ರದರ್ಶನಕ್ಕಿಂತ ಜಾಸ್ತಿ ಕೊಟ್ಟಿದೆ.

ಇನ್ನು ಬಣ್ಣ, ಅಂದರೆ ಮಣ್ಣಿನ ಮೇಲೆ ಗಾಜಿನ ಹಾಗೆ ಕೂರುವ ಗ್ಲೇಜ್. ಕಾಫಿ ಗಿಡ ಕವಾತು ಮಾಡಿದಾಗ ಬೀಳುವ ಕಟ್ಟಿಗೆ ನಮ್ಮ ಒಲೆಗೆ ಹೋಗುತ್ತದೆ. ಆ ಬೂದಿಯನ್ನು ಜರಡಿ ಹಿಡಿದು, ನೀರಲ್ಲಿ ನೆನೆಸಿ ತಿಳಿ ಬಸಿದು ಒಣಗಿಸಬೇಕು. ಆ ನೀರು ಚರ್ಮ ಸುಡುತ್ತದೆ, ಕೈಗವಸು ಬೇಕೇ ಬೇಕು. ಬೂದಿ 40 ಭಾಗ, ಫೆಲ್ಡ್‌ಸ್ಪಾರ್ ಅನ್ನುವ ಕಲ್ಲಿನ ಪುಡಿ 40, ಜೇಡಿ 20. ಇದು ಕುಂಬಾರಿಕೆಯಲ್ಲಿ ಹಳೆಯ ಲೆಕ್ಕ. 1260ರಿಂದ 1280 ಡಿಗ್ರಿಯಲ್ಲಿ ಅದು ಕರಗಿ ಗಾಜಾಗುತ್ತದೆ. ಅಲ್ಲಿಂದ ಮುಂದೆ ಒಂದೊಂದೇ ಪಾಲು ಬದಲಿಸಿ ಬೆರಳುದ್ದದ ಬಿಲ್ಲೆಗಳ ಮೇಲೆ ಹಚ್ಚಿ ಸುಡಬೇಕು, ಪ್ರತಿಯೊಂದಕ್ಕೂ ನಂಬರ್ ಹಾಕಿ ಪುಸ್ತಕದಲ್ಲಿ ಬರೆಯಬೇಕು. ನನ್ನ ಹತ್ತಿರ ಇಂಥ ಹದಿನಾಲ್ಕು ಪುಸ್ತಕಗಳಿವೆ. ಮನೆಗೆ ಬೆಂಕಿ ಬಿದ್ದರೆ ಮೊದಲು ಎತ್ತಿಕೊಂಡು ಓಡುವುದು ಅವನ್ನೇ. ಫಸಲು ಅಂದರೆ ನನಗೆ ಇವು.

ಹುಡುಗಿ ತಂದ ಮಣ್ಣನ್ನು ಅವಳ ಕೈಯಲ್ಲೇ ಸೋಸಿಸಿ ಬಿಲ್ಲೆ ಮಾಡಿಸಿದೆ. 1000 ಡಿಗ್ರಿಗೆ ಇಟ್ಟಿಗೆ ಕೆಂಪು ಬಂತು, ಗಟ್ಟಿಯಾಗಿ. 1260ಕ್ಕೆ ಉಬ್ಬಿ, ಕುಸಿದು, ಅಡಿಗಿಟ್ಟ ತಟ್ಟೆಗೆ ಅಂಟಿಕೊಂಡಿತು. ಅಪ್ಪನ ಮುಖ ಸಪ್ಪಗಾಯಿತು. "ಹಾಗಾದ್ರೆ ನಮ್ಮ ಮಣ್ಣು ಆಗಲ್ಲ?" ಅಂದರು.

ಕರಗುತ್ತದೆ ಅಂದಮೇಲೆ ಗ್ಲೇಜ್ ಆಗಬಹುದು, ನೋಡೋಣ ಅಂದೆ. ಅದೇ ಮಣ್ಣಿಗೆ ಅಷ್ಟೇ ಕಾಫಿ ಕಟ್ಟಿಗೆಯ ಬೂದಿ ಬೆರೆಸಿ ಹಚ್ಚಿದೆವು. ಮೊನ್ನೆ ಕಿಲ್ನ್ ತೆರೆದೆ. ಏಳನೇ ನಂಬರಿನ ಬಿಲ್ಲೆ ಹಳೇ ಬೆಲ್ಲದ ಬಣ್ಣಕ್ಕೆ ತಿರುಗಿದೆ. ದಪ್ಪಗೆ ಹರಿದ ಅಂಚಿನಲ್ಲಿ ಸ್ವಲ್ಪ ಹಸಿರು. ಭಾನುವಾರ ಅವರು ಬರುತ್ತಾರೆ. ಬಿಲ್ಲೆಯನ್ನು ಕಿಟಕಿಯ ಹತ್ತಿರ ಇಟ್ಟಿದ್ದೇನೆ, ಪಕ್ಕದಲ್ಲಿ ಒಂದು ಹೊಸ ನೋಟ್‌ಬುಕ್.