ಗಾಡಿ ಆಯಿಲ್ ಕುಡಿಯುತ್ತಿದೆ: ದುಬಾರಿ ಎಸ್‌ಯುವಿ ಇಂಜಿನ್ ಬಗ್ಗೆ ಅಧ್ಯಯನ ಟಿಪ್ಪಣಿ

ಮೊದಲು ಒಂದು ಲೆಕ್ಕ ಮಾಡೋಣ. ಎಂಟು ಸಿಲಿಂಡರಿನ ದೊಡ್ಡ ಎಸ್‌ಯುವಿಯೊಂದು 1000 ಕಿ.ಮೀ.ಗೆ 1 ಲೀಟರ್ ಆಯಿಲ್ ಕುಡಿಯುತ್ತಿದೆ ಅಂದುಕೊಳ್ಳಿ. ಗಂಟೆಗೆ 80 ಕಿ.ಮೀ. ವೇಗದಲ್ಲಿ ಹೋದರೆ ಅಷ್ಟು ದೂರಕ್ಕೆ ಹನ್ನೆರಡೂವರೆ ಗಂಟೆ ಬೇಕು. ಅಂದರೆ 750 ನಿಮಿಷ. ಇಂಜಿನ್ 2000 ಆರ್‌ಪಿಎಂನಲ್ಲಿದ್ದರೆ (ಅಂದರೆ ನಿಮಿಷಕ್ಕೆ 2000 ಸುತ್ತು), ಎರಡು ಸುತ್ತಿಗೆ ಒಂದು ಸಲದಂತೆ ಒಂದೊಂದು ಸಿಲಿಂಡರ್ ನಿಮಿಷಕ್ಕೆ 1000 ಸಲ ಉರಿಯುತ್ತದೆ, ಎಂಟೂ ಸೇರಿ 8000 ಸಲ. 750 ನಿಮಿಷಕ್ಕೆ 60 ಲಕ್ಷ ಸಲ. ಒಂದು ಮಿಲಿಲೀಟರಿಗೆ ಸುಮಾರು 20 ಹನಿ ಅಂತ ಹಿಡಿದರೆ ಒಂದು ಲೀಟರಿಗೆ 20,000 ಹನಿ. ಭಾಗಿಸಿ ನೋಡಿ. 300 ಸಲ ಉರಿದಾಗ ಒಳಗೆ ಹೋಗುವುದು ಒಂದೇ ಒಂದು ಹನಿ!

ಈ ಲೆಕ್ಕ ಯಾಕೆ ಹಾಕಿದೆ ಅಂದರೆ, "ಸೈಲೆನ್ಸರಲ್ಲಿ ಹೊಗೆ ಇಲ್ಲ, ಹಾಗಾದ್ರೆ ಇಂಜಿನ್ ಆಯಿಲ್ ಸುಡ್ತಿಲ್ಲ" ಅನ್ನುವ ಮಾತು ಕಲಿಯುವವರ ಬಾಯಲ್ಲಿ ತುಂಬಾ ಬರುತ್ತದೆ. ನಾನೂ ಹೇಳುತ್ತಿದ್ದೆ. ಇಷ್ಟು ತೆಳುವಾಗಿ ಹರಡಿದ ಆಯಿಲ್ ಕಣ್ಣಿಗೆ ಕಾಣುವ ಹೊಗೆ ಕೊಡಬೇಕೆಂದೇನಿಲ್ಲ. ಉಳಿದದ್ದರಲ್ಲಿ ಒಂದಷ್ಟನ್ನು ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಬಿಡುತ್ತದೆ. ನೀಲಿ ಹೊಗೆ ಕಂಡಿತು ಅಂದರೆ ಸಮಸ್ಯೆ ಆಗಲೇ ದೊಡ್ಡದಾಗಿದೆ.

ಎಷ್ಟಾದರೆ ಜಾಸ್ತಿ?

ಸ್ವಲ್ಪವೂ ಆಯಿಲ್ ಸುಡದ ಇಂಜಿನ್ ಇಲ್ಲ. ಸಿಲಿಂಡರ್ ಗೋಡೆಗೆ ಆಯಿಲಿನ ಪದರ ಬೇಕೇ ಬೇಕು, ಅದರಲ್ಲಿ ಒಂದಂಶ ಉರಿಯುತ್ತದೆ. ಕಂಪನಿಗಳ ಕೈಪಿಡಿಯಲ್ಲಿ ಒಂದು ಮಿತಿ ಇರುತ್ತದೆ. ಕೆಲವರು 1000 ಕಿ.ಮೀ.ಗೆ ಅರ್ಧ ಲೀಟರ್ ಅನ್ನುತ್ತಾರೆ, ಕೆಲವರು ಒಂದು ಲೀಟರ್ ತನಕ ಸರಿ ಅನ್ನುತ್ತಾರೆ. ನನ್ನ ಪ್ರಕಾರ ಈ ಮಿತಿ ವಾರಂಟಿ ಲೆಕ್ಕಕ್ಕೆ ಹಾಕಿದ ಗೆರೆ. ಇಂಜಿನ್ ಆರೋಗ್ಯ ತಿಳಿಯಬೇಕಾದರೆ ಹಿಂದೆ ಎಷ್ಟಿತ್ತು, ಈಗ ಎಷ್ಟಾಗಿದೆ ಅಂತ ನೋಡಬೇಕು. ಹೋದ ವರ್ಷ ಟಾಪ್‌ಅಪ್ಪೇ ಕೇಳದ ಗಾಡಿ ಈಗ 1000 ಕಿ.ಮೀ.ಗೆ 400 ಮಿಲಿ ಕುಡಿದರೆ, ಮಿತಿಯೊಳಗೇ ಇದ್ದರೂ ಒಳಗೆ ಏನೋ ಬದಲಾಗಿದೆ.

ಅಳೆಯುವುದರಲ್ಲೇ ಅರ್ಧ ಕೆಲಸ

ಈಗಿನ ಎಷ್ಟೋ ದುಬಾರಿ ಎಸ್‌ಯುವಿಗಳಲ್ಲಿ ಆಯಿಲ್ ಮಟ್ಟ ನೋಡುವ ಕಡ್ಡಿಯೇ ಇಲ್ಲ. ಇಂಜಿನ್ ತಳದ ಆಯಿಲ್ ಚೇಂಬರಿನೊಳಗೆ ಸೆನ್ಸರ್ ಕೂತಿರುತ್ತದೆ, ಅಳತೆ ಪರದೆ ಮೇಲೆ ಬರುತ್ತದೆ. ಕಡ್ಡಿ ಇರುವ ಗಾಡಿಯಲ್ಲಿ ಮೇಲಿನ ಗುರುತಿಗೂ ಕೆಳಗಿನ ಗುರುತಿಗೂ ನಡುವೆ ಹೆಚ್ಚಾಗಿ ಒಂದು ಲೀಟರ್ ಅಂತರ. ಯಾವುದೇ ಆಗಲಿ, ಸಮತಟ್ಟಾದ ಜಾಗ, ಬಿಸಿಯಾದ ಇಂಜಿನ್, ಕೈಪಿಡಿ ಹೇಳಿದಷ್ಟು ಕಾಯುವಿಕೆ, ಈ ಮೂರೂ ಪ್ರತಿ ಸಲ ಒಂದೇ ಥರ ಇರಬೇಕು. ಒಂದು ದಿನ ಇಳಿಜಾರಲ್ಲಿ, ಇನ್ನೊಂದು ದಿನ ತಣ್ಣಗಿದ್ದಾಗ ನೋಡಿ ಹೋಲಿಸಿದರೆ ಅದು ಅಳತೆಯಲ್ಲ, ಸುಮ್ನೆ ಊಹೆ.

ಸರಿಯಾದ ಪರೀಕ್ಷೆ ಹೀಗೆ: ಆಯಿಲ್ ಮತ್ತು ಫಿಲ್ಟರ್ ಬದಲಿಸಿ, ಹಾಕಿದ ಆಯಿಲನ್ನು ತೂಕ ಮಾಡಿ ಬರೆದಿಡುವುದು. ಡ್ರೈನ್ ಬೋಲ್ಟ್ ಮತ್ತು ಆಯಿಲ್ ಮುಚ್ಚಳಕ್ಕೆ ಸೀಲ್ ಹಾಕುವುದು. ಸಾವಿರದಿಂದ ಎರಡು ಸಾವಿರ ಕಿ.ಮೀ. ಓಡಿಸಿ, ಇಳಿಸಿ ಮತ್ತೆ ತೂಗುವುದು. ಇಂಜಿನ್ ಆಯಿಲ್ ಲೀಟರಿಗೆ ಸುಮಾರು 850 ಗ್ರಾಂ ತೂಗುತ್ತದೆ, ಅದರಿಂದ ಲೀಟರಿಗೆ ತಿರುಗಿಸಿಕೊಳ್ಳಬಹುದು. ಬಿಸಿಗೆ ಹಿಗ್ಗಿ ತಣ್ಣಗಾದಾಗ ಕುಗ್ಗುವ ಅಳತೆಗಿಂತ ತೂಕ ಹೆಚ್ಚು ನಂಬಿಕೆಯದ್ದು.

ಇಲ್ಲಿ ನಾನು ಎಡವಿದ ಒಂದು ವಿಷಯ ಇದೆ. ಊರೊಳಗೆ ಮಾತ್ರ ಸಣ್ಣ ಸಣ್ಣ ಓಡಾಟ ಮಾಡುವ ಗಾಡಿಯಲ್ಲಿ ಇಂಜಿನ್ ಪೂರ್ತಿ ಬಿಸಿಯಾಗುವುದಿಲ್ಲ. ಉರಿಯದ ಪೆಟ್ರೋಲ್ ಪಿಸ್ಟನ್ ಸುತ್ತಲಿನ ರಿಂಗ್ ಪಕ್ಕದಿಂದ ಜಾರಿ ಆಯಿಲಿಗೆ ಸೇರುತ್ತದೆ. ಪೆಟ್ರೋಲನ್ನು ನೇರವಾಗಿ ಸಿಲಿಂಡರಿಗೆ ಸಿಂಪಡಿಸುವ ಇಂಜಿನ್‌ಗಳಲ್ಲಿ ಇದು ಇನ್ನೂ ಜಾಸ್ತಿ. ಡೀಸೆಲ್ ಗಾಡಿಯಲ್ಲಿ ಹೊಗೆಯ ಮಸಿ ಹಿಡಿಯುವ ಪರ್ಟಿಕ್ಯುಲೇಟ್ ಫಿಲ್ಟರ್ ಶುದ್ಧವಾಗುವಾಗ ಹೆಚ್ಚುವರಿ ಡೀಸೆಲ್ ಹೀಗೇ ಕೆಳಗಿಳಿಯಬಹುದು. ಒಂದು ಕಡೆ ಆಯಿಲ್ ಉರಿದು ಕಡಿಮೆಯಾಗುತ್ತಿದೆ, ಇನ್ನೊಂದು ಕಡೆ ಇಂಧನ ಸೇರಿ ಮಟ್ಟ ತುಂಬುತ್ತಿದೆ. ಪರದೆ "ಎಲ್ಲ ಸರಿ" ಅನ್ನುತ್ತದೆ. ಆಮೇಲೆ ಒಂದು ದಿನ ಹೆದ್ದಾರಿಯಲ್ಲಿ ಐನೂರು ಕಿ.ಮೀ. ಹೋದರೆ ಆಯಿಲ್ ಚೆನ್ನಾಗಿ ಕಾಯ್ದು, ಸೇರಿದ್ದ ಪೆಟ್ರೋಲ್ ಆವಿಯಾಗುತ್ತದೆ, ಮಟ್ಟ ಧಡಕ್ಕನೆ ಇಳಿಯುತ್ತದೆ. ಮಾಲೀಕರು "ಹೆದ್ದಾರಿಯಲ್ಲಿ ಆಯಿಲ್ ಕುಡಿಯಿತು" ಅನ್ನುತ್ತಾರೆ. ಕುಡಿದದ್ದು ಮೂರು ತಿಂಗಳಿಂದ, ಗೊತ್ತಾಗಿದ್ದು ಅವತ್ತು.

ಆಯಿಲ್ ಹೋಗುವ ದಾರಿಗಳು

ಹೊರಗಿನ ಸೋರಿಕೆಯನ್ನು ಮೊದಲು ತಳ್ಳಿಹಾಕಿ: ವಾಲ್ವ್ ಕವರ್ ಗ್ಯಾಸ್ಕೆಟ್, ಫಿಲ್ಟರ್ ಹೌಸಿಂಗ್, ಕ್ರ್ಯಾಂಕಿನ ಹಿಂದಿನ ಸೀಲ್. ಕೆಳಗಿನ ಪ್ಲಾಸ್ಟಿಕ್ ಕವಚ ಬಿಚ್ಚದೆ ನೋಡಬೇಡಿ. ದುಬಾರಿ ಗಾಡಿಗಳಲ್ಲಿ ಅದು ತಟ್ಟೆಯ ಹಾಗೆ ಸೋರಿದ ಆಯಿಲನ್ನೆಲ್ಲ ಹಿಡಿದಿಟ್ಟುಕೊಂಡಿರುತ್ತದೆ, ನೆಲಕ್ಕೆ ಒಂದು ಹನಿಯೂ ಬಿದ್ದಿರುವುದಿಲ್ಲ.

ಒಳಗಿನ ದಾರಿಗಳಲ್ಲಿ ಪಿಸ್ಟನ್ನಿನ ಆಯಿಲ್ ರಿಂಗ್ ಮುಖ್ಯ. ಗೋಡೆಯ ಮೇಲಿನ ಹೆಚ್ಚುವರಿ ಆಯಿಲನ್ನು ಇದು ಬಳಿದು ಕೆಳಕ್ಕೆ ಕಳಿಸುತ್ತದೆ. ಆಯಿಲ್ ವಾಪಸ್ ಹೋಗಲು ಅದರ ಹಿಂದೆ ಪಿಸ್ಟನ್ನಿನಲ್ಲಿ ಸಣ್ಣ ತೂತುಗಳಿರುತ್ತವೆ. ಮೈಲೇಜ್ ಹೆಚ್ಚಿಸಲು ಈಗಿನ ರಿಂಗ್‌ಗಳ ಬಿಗಿ ಕಡಿಮೆ ಮಾಡಿದ್ದಾರೆ. ಬಿಗಿ ಕಡಿಮೆ, ಜತೆಗೆ ಆಯಿಲ್ ಬದಲಾವಣೆ ತಡ. ಕಾರ್ಬನ್ ಕಟ್ಟಿ ತೂತು ಮುಚ್ಚಿತು, ರಿಂಗ್ ಅಂಟಿಕೊಂಡಿತು, ಅಷ್ಟೇ ಕಥೆ. 2009ರಿಂದ 2011ರ ಸುಮಾರಿನ ಆಡಿ 2.0 ಟಿಎಫ್‌ಎಸ್‌ಐ ಇಂಜಿನ್‌ಗಳ ದೂರು ಇದೇ ಜಾಗದ್ದು. ಕ್ಯೂ5 ಎಸ್‌ಯುವಿಯಲ್ಲೂ ಆ ಇಂಜಿನ್ ಇತ್ತು. ಪರಿಹಾರ ಅಂತ ಬಂದಿದ್ದು ಬದಲಾದ ಪಿಸ್ಟನ್ ಮತ್ತು ರಿಂಗ್.

ಇನ್ನೊಂದು ದಾರಿ ವಾಲ್ವ್ ಸೀಲ್. ಇದಕ್ಕೆ ಬಿಎಂಡಬ್ಲ್ಯುವಿನ 4.4 ಲೀಟರ್ ಎನ್63 ಇಂಜಿನ್‌ಗಿಂತ ಒಳ್ಳೆ ಪಾಠ ಇಲ್ಲ. 2008ರಲ್ಲಿ ಎಕ್ಸ್6 ಜತೆ ಬಂತು, ಆಮೇಲೆ ಎಕ್ಸ್5ಗೂ ಹೋಯಿತು. ಎಂಟು ಸಿಲಿಂಡರು ವಿ ಆಕಾರದಲ್ಲಿ ಕೂತಿವೆ, ಎರಡೂ ಟರ್ಬೊ (ಇಂಜಿನ್ನಿಗೆ ಗಾಳಿ ಒತ್ತಿ ತುಂಬುವ ಯಂತ್ರ) ಆ ವಿ ನಡುವಿನ ಕಣಿವೆಯಲ್ಲೇ ಇವೆ. ಇಂಜಿನ್ ಚಿಕ್ಕದಾಯಿತು, ಟರ್ಬೊ ಬೇಗ ಸ್ಪಂದಿಸಿತು. ಆದರೆ ಬಿಸಿಯೆಲ್ಲ ಒಂದೇ ಕಡೆ ಸೇರಿತು. ಆ ಬಿಸಿಯಲ್ಲಿ ಬೆಂದು ವಾಲ್ವ್ ಸೀಲಿನ ರಬ್ಬರ್ ಗಡುಸಾದರೆ ಆಯಿಲ್ ವಾಲ್ವ್ ಕಡ್ಡಿಗುಂಟ ಕೆಳಗಿಳಿಯುತ್ತದೆ. ಕಂಪನಿ 2014ರ ಕೊನೆಗೆ ಅಮೆರಿಕದಲ್ಲಿ ಈ ಇಂಜಿನ್ ಇರುವ ಗಾಡಿಗಳಿಗೆಂದೇ ವಿಶೇಷ ತಪಾಸಣೆ ಯೋಜನೆ ತಂದಿತು, ಆಯಿಲ್ ಬದಲಿಸುವ ಅಂತರವನ್ನೂ ಕಡಿಮೆ ಮಾಡಿತು.

ಮೂರನೆಯದು ಪಿಸಿವಿ, ಅಂದರೆ ಕ್ರ್ಯಾಂಕ್‌ಕೇಸಿನ (ಇಂಜಿನ್ನಿನ ಕೆಳಭಾಗದ) ಗಾಳಿಯನ್ನು ಇಂಟೇಕ್‌ಗೆ, ಅಂದರೆ ಇಂಜಿನ್ ಗಾಳಿ ಎಳೆದುಕೊಳ್ಳುವ ದಾರಿಗೆ, ವಾಪಸ್ ಕಳಿಸುವ ವ್ಯವಸ್ಥೆ. ಅದರ ತೆಳು ರಬ್ಬರ್ ಪೊರೆ ಹರಿದರೆ ಇಂಟೇಕ್ ಆಯಿಲನ್ನೂ ಎಳೆದುಕೊಳ್ಳುತ್ತದೆ. ಇದರ ಗುರುತು ಸುಲಭ: ಐಡಲ್‌ನಲ್ಲಿ ಶಿಳ್ಳೆ ಹೊಡೆದಂತೆ ಸದ್ದು, ನಡುಗುವ ಇಂಜಿನ್, ಆಯಿಲ್ ಮುಚ್ಚಳ ತೆಗೆಯಲು ಹೋದರೆ ಒಳಕ್ಕೆ ಎಳೆದು ಹಿಡಿದಂತೆ ಬಿಗಿ. ಟರ್ಬೊ ಸೀಲ್ ಹೋದರೆ, ಟರ್ಬೊದ ಬಿಸಿ ಗಾಳಿಯನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್ ಪೈಪಿನಲ್ಲಿ ಆಯಿಲ್ ಮಡುಗಟ್ಟಿರುತ್ತದೆ. ತೆಳುವಾದ ತೇವ ಮಾತ್ರ ಇದ್ದರೆ ಗಾಬರಿ ಬೇಡ, ಪಿಸಿವಿಯಿಂದ ಅಷ್ಟು ಬರುವುದು ಸಹಜ.

ಆಯಿಲಿನ ಗುಣವೂ ಲೆಕ್ಕಕ್ಕಿದೆ. ನೋಆಕ್ ಪರೀಕ್ಷೆಯಲ್ಲಿ ಆಯಿಲನ್ನು 250 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಗಂಟೆ ಕಾಯಿಸಿ, ಎಷ್ಟು ಆವಿಯಾಯಿತು ಅಂತ ನೋಡುತ್ತಾರೆ. ಯುರೋಪಿನ ವಾಹನ ತಯಾರಕರ ಸಂಘದ ಎಸಿಇಎ ಸಿ3 ದರ್ಜೆಗೆ 13 ಶೇಕಡಾ ದಾಟಬಾರದು, ಅಮೆರಿಕದ ಪೆಟ್ರೋಲಿಯಂ ಸಂಸ್ಥೆಯ ಎಪಿಐ ಎಸ್‌ಪಿ ದರ್ಜೆಗೆ 15 ಶೇಕಡಾ. ಡಬ್ಬಿ ಮೇಲೆ ಗಟ್ಟಿತನದ ಗುರುತು 5ಡಬ್ಲ್ಯು-30 ಅಂತ ಒಂದೇ ಇದ್ದರೂ ಎರಡು ಆಯಿಲ್ ಒಂದೇ ಅಲ್ಲ. ಹಾಗಂತ ಕಂಪನಿ ಹೇಳಿದ್ದು ಬಿಟ್ಟು ಗಟ್ಟಿ ಆಯಿಲ್ ಹಾಕಿ ಸಮಸ್ಯೆ ಮುಚ್ಚುವುದು ನನಗೆ ಒಪ್ಪಿಗೆಯಿಲ್ಲ.

ಹೊಗೆ ಯಾವಾಗ ಬರುತ್ತದೆ?

ಹೊಗೆಯ ಬಣ್ಣದಷ್ಟೇ ಅದು ಬರುವ ಹೊತ್ತೂ ಮಾತಾಡುತ್ತದೆ. ರಾತ್ರಿಯೆಲ್ಲ ನಿಂತು ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಗುಪ್ಪೆ ನೀಲಿ ಹೊಗೆ ಬಂದು ನಿಂತರೆ ವಾಲ್ವ್ ಸೀಲ್ ಮೇಲೆ ಅನುಮಾನ. ಸಿಗ್ನಲ್ಲಿನಲ್ಲಿ ತುಂಬಾ ಹೊತ್ತು ನಿಂತು ಹೊರಟಾಗ ಬಂದರೂ ಅದೇ. ಇಳಿಜಾರಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಪೆಟ್ರೋಲ್ ಇಂಜಿನ್ ಒಳಗೆ ಎಳೆತ ಜೋರು, ಹಾಗಾಗಿ ಮತ್ತೆ ಕಾಲಿಟ್ಟ ಕ್ಷಣಕ್ಕೆ ಹೊಗೆ ಬಂದರೂ ಸೀಲೇ ನೆನಪಾಗಬೇಕು. ಭಾರ ಎಳೆಯುವಾಗ, ಏರು ಹತ್ತುವಾಗ ಬಿಡದೆ ಬಂದರೆ ರಿಂಗ್ ಕಡೆ ನೋಡಿ.

"ಕಂಪ್ರೆಷನ್ (ಸಿಲಿಂಡರಿನ ಒತ್ತಡ) ಚೆನ್ನಾಗಿದೆ, ಹಾಗಾದ್ರೆ ರಿಂಗ್ ಚೆನ್ನಾಗಿದೆ" ಅನ್ನುವುದು ಇನ್ನೊಂದು ಬಲೆ. ಒತ್ತಡ ಹಿಡಿಯುವುದು ಮೇಲಿನ ಎರಡು ರಿಂಗ್. ಆಯಿಲ್ ಬಳಿಯುವುದು ಮೂರನೆಯದು. ಅದೊಂದೇ ಅಂಟಿಕೊಂಡಿದ್ದರೆ ಕಂಪ್ರೆಷನ್ ಮೀಟರಿನ ಮುಳ್ಳು ಎಂದಿನಂತೆ ಏರುತ್ತದೆ, ಸಿಲಿಂಡರಿಗೆ ಗಾಳಿ ತುಂಬಿ ಸೋರಿಕೆ ಅಳೆಯುವ ಲೀಕ್‌ಡೌನ್ ಪರೀಕ್ಷೆಯೂ ಪಾಸಾಗಬಹುದು.

ರಿಪೇರಿಗೆ ನನ್ನ ಸಾಲು ಅಗ್ಗದ್ದರಿಂದ ಶುರು: ಸೋರಿಕೆ, ಪಿಸಿವಿ, ಸರಿಯಾದ ಆಯಿಲ್ ಹಾಕಿ ಮತ್ತೊಮ್ಮೆ ತೂಕದ ಪರೀಕ್ಷೆ. ವಾಲ್ವ್ ಸೀಲ್ ಬದಲಿಸಲು ಎಲ್ಲ ಸಲವೂ ಇಂಜಿನ್ನಿನ ಮೇಲ್ಭಾಗದ ಹೆಡ್ ಬಿಚ್ಚಬೇಕಿಲ್ಲ. ಸಿಲಿಂಡರಿಗೆ ಗಾಳಿ ತುಂಬಿ ವಾಲ್ವ್ ಬೀಳದಂತೆ ಹಿಡಿದು ಮಾಡುತ್ತಾರೆ. ಪಿಸ್ಟನ್ ಹೊರಗೆ ತೆಗೆಯುವ ಮಾತು ಕೊನೆಗೆ. ಆದರೆ ಅದನ್ನು ವರ್ಷಗಟ್ಟಲೆ ಮುಂದೂಡಿದರೂ ಪೆಟ್ಟು ಬೀಳುತ್ತದೆ. ಆಯಿಲಿನಲ್ಲಿರುವ ರಂಜಕ ಕನ್ವರ್ಟರನ್ನು ಮೆಲ್ಲಗೆ ಹಾಳು ಮಾಡುತ್ತದೆ, ಟರ್ಬೊ ಇಂಜಿನ್‌ನಲ್ಲಿ ಆಯಿಲ್ ಹನಿಗಳೇ ಸ್ಪಾರ್ಕ್‌ಗಿಂತ ಮೊದಲು ಹೊತ್ತಿಕೊಂಡು ಪಿಸ್ಟನ್ ಒಡೆಯಬಹುದು.

ಬಿಚ್ಚುವ ಮೊದಲು ಸ್ಪಾರ್ಕ್ ಪ್ಲಗ್ ನೋಡುವುದನ್ನು ಮರೆಯಬೇಡಿ. ತೆಗೆದ ಪ್ಲಗ್‌ಗಳನ್ನು ಸಿಲಿಂಡರ್ ಸಂಖ್ಯೆ ಬರೆದು ಸಾಲಾಗಿ ಇಡಿ. ಎಂಟರಲ್ಲಿ ಒಂದಕ್ಕೆ ಮಾತ್ರ ಕಪ್ಪು ಜಿಡ್ಡು ಇದ್ದರೆ ಬೋರ್‌ಸ್ಕೋಪನ್ನು (ಒಳಗೆ ನೋಡುವ ಸಣ್ಣ ಕ್ಯಾಮೆರಾ) ಆ ತೂತಿಗೆ ಇಳಿಸಿ. ಎಂಟಕ್ಕೂ ಒಂದೇ ಥರ ಬೂದಿ ಮೆತ್ತಿದ್ದರೆ ರಿಂಗ್ ಬಿಟ್ಟು ಮೊದಲು ಪಿಸಿವಿ ಬಿಚ್ಚಿ.